ಚುರ್ ಎನ್ನದ ಪೈಪು

ಯಾವುದು ಕೆಟ್ಟಿದೆ ಎಂದು ಗೊತ್ತಾಗುವ ತನಕ ಯಾವುದನ್ನೂ ಬಿಚ್ಚಬಾರದು. ಕಾಂತರಾಜ್ ಸಾಹೇಬರ ಹಳೆಯ ಸ್ಪೋರ್ಟ್ಸ್ ಕಾರು ಕೆಮ್ಮತೊಡಗಿದ ಮೇಲೆ ಈ ನಿಯಮವನ್ನು ಎಲ್ಲರೂ ಮುರಿದರು. ಸಾಹೇಬರು ಅಪ್ಪಣೆ ಕೊಟ್ಟರು, ಮೈಸೂರಿನ ಮೂವರು ಮೆಕ್ಯಾನಿಕ್‌ಗಳು ಬಿಚ್ಚಿದರು. ಹಳೇ ಪ್ಲಗ್ಗು ಹೋಯಿತು, ಹಳೇ ಕಾಯಿಲ್ ಹೋಯಿತು, ಕೆಮ್ಮು ಮಾತ್ರ ಹೋಗಲಿಲ್ಲ.

ಹಳೇ ಕಾರುಗಳ ಕ್ಲಬ್ಬಿನ ಮೆರವಣಿಗೆಗೆ ಒಂದೇ ಗಂಟೆ ಉಳಿದಿತ್ತು. ಸಾಹೇಬರು ಡ್ರೈವರ್ ಮರಿಸ್ವಾಮಿಯ ಕೈಗೆ ಸ್ಪ್ಯಾನರ್ ತುರುಕಿದರು. "ಕಾರ್ಬ್ಯುರೇಟರ್ ಬಿಚ್ಚೋ. ಇಲ್ಲಾಂದ್ರೆ ಕೀಲಿ ಇಟ್ಟು ಮನೆಗೆ ನಡಿ!"

ಮರಿಸ್ವಾಮಿ ಸ್ಪ್ಯಾನರ್ ಕೆಳಗಿಟ್ಟ. ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಚೊಂಬಿನಲ್ಲಿ ನೀರು ತಂದು, ಒಂದೊಂದು ಸಿಲಿಂಡರಿನಿಂದ ಹೊಗೆ ಹೋಗುವ ನಾಲ್ಕು ಪೈಪುಗಳ ಮೇಲೂ ದೋಸೆ ಕಲ್ಲಿಗೆ ಚಿಮುಕಿಸುವ ಹಾಗೆ ಚಿಮುಕಿಸಿದ. ಮೂರು ಚುರ್ ಎಂದವು. ಒಂದು ಸುಮ್ಮನಿತ್ತು.

"ಇದೇನು ಹೋಟೆಲ್ ಅಡುಗೆಮನೆಯೇನೋ?"

"ಈ ಕಲ್ಲು ಕಾದಿಲ್ಲ ಬುದ್ಧಿ. ಈ ಸಿಲಿಂಡರಿಗೆ ಕಿಡಿ ತಲುಪ್ತಿಲ್ಲ. ನೀವು ಚೆಂದಕ್ಕೆ ಅಂತ ಹಾಕಿದ ಹಿತ್ತಾಳೆ ಕ್ಲಿಪ್ಪು ವಯರಿನ ಮೇಲಿನ ರಬ್ಬರನ್ನ ಕೊಯ್ದುಬಿಟ್ಟಿದೆ, ಕಿಡಿ ಅಲ್ಲೇ ಸೋರ್ತಿದೆ."

"ನನ್ನ ಕ್ಲಿಪ್ಪೇ?" ಎಂದು ಸಾಹೇಬರು ಅಲ್ಲಿಗೇ ಕೈ ಹಾಕಿದರು.

"ಮುಟ್ಟಬೇಡಿ ಬುದ್ಧಿ!"

ಅಷ್ಟರಲ್ಲಿ ಕರೆಂಟು ಹೊಡೆದು ಸಾಹೇಬರು ಎರಡು ಅಡಿ ಹಿಂದಕ್ಕೆ ಹಾರಿದರು. ಮೆರವಣಿಗೆಗೆಂದು ತೊಟ್ಟಿದ್ದ ಪೇಟ ಮೂರು ಅಡಿ ಹಾರಿತು.

ಮರಿಸ್ವಾಮಿ ಇಂಜಿನ್ ನಿಲ್ಲಿಸಿ, ಕ್ಲಿಪ್ಪು ಕಿತ್ತು, ವಯರಿಗೆ ಟೇಪು ಸುತ್ತಿದ. ಮತ್ತೆ ಚಾಲೂ ಮಾಡಿದರೆ ಕೆಮ್ಮಿಲ್ಲ, ಕಾರು ಒಂದೇ ಸಮನೆ ಗುರುಗುಟ್ಟಿತು.

ಸಾಹೇಬರು ಪೇಟದ ಧೂಳು ಕೊಡವಿಕೊಂಡರು. "ಆದ್ರೂ ಕಾರ್ಬ್ಯುರೇಟರ್ ಒಂದ್ಸಲ ಬಿಚ್ಚಿ ಹಾಕು. ನಾನು ಹೇಳಿದ್ದೇ ಸರಿ ಅಂತ ಕ್ಲಬ್ಬಿನವರಿಗೆ ಗೊತ್ತಾಗ್ಲಿ."

ಮರಿಸ್ವಾಮಿ ಬಾನೆಟ್ ಮುಚ್ಚಿ, ಅದರ ಮೇಲೆ ಕೂತುಬಿಟ್ಟ.