ಸುಮ್ಮನೆ ಕೂತರೆ ತಲೆ ಏಕೆ ಸುಮ್ಮನಿರುವುದಿಲ್ಲ

ಲೋಕ ಆಗಷ್ಟೇ ತಯಾರಾಗಿತ್ತು. ಬೆಟ್ಟಗಳ ಮೈ ಇನ್ನೂ ಒಣಗಿರಲಿಲ್ಲ. ಮನುಷ್ಯರನ್ನು ಎಲ್ಲರಿಗಿಂತ ಕೊನೆಗೆ ಮಾಡಿದ್ದರಿಂದ ಅವರ ತಲೆಯೊಳಗೆ ಇಡಲು ಹೊಸದೇನೂ ಉಳಿದಿರಲಿಲ್ಲ. ಹಾಗಾಗಿ ಲೋಕ ಮಾಡಿದವರು ಪ್ರಾಣಿಪಕ್ಷಿಗಳನ್ನೇ ಕರೆದು ಅಲ್ಲಿ ಬಿಡಾರ ಕೊಟ್ಟರು.

ನೋಡುವ ಕೆಲಸ ಹದ್ದಿಗೆ. ಕಣ್ಣು ಮುಂದಿದ್ದರೂ ಹದ್ದಿಗೆ ಸಿಕ್ಕಿದ್ದು ತಲೆಯ ಹಿಂಭಾಗ. ಏಕೆಂದು ಯಾರೂ ಕೇಳಲಿಲ್ಲ. ಕೈಕಾಲು ಆಡಿಸುವ ಕೆಲಸ ಕೋತಿಗೆ. ಹಳೆಯದನ್ನು ಕೂಡಿಡುವ ಕೆಲಸ ಅಳಿಲಿಗೆ. ನಾಳೆಯ ಯೋಚನೆ ಗೂಡು ನೇಯುವ ಗೀಜಗಕ್ಕೆ. ಊರವರು ಏನೆಂದುಕೊಂಡಾರು ಎಂಬ ಚಿಂತೆ ಗೊರವಂಕ ಹಕ್ಕಿಗೆ. ಊರು ಇನ್ನೂ ಹುಟ್ಟಿರಲಿಲ್ಲ, ಚಿಂತೆ ಹುಟ್ಟಿತ್ತು.

ಎಲ್ಲರೂ ಮರ್ಯಾದಸ್ಥರು. ಆದ್ದರಿಂದ ಒಂದು ಪದ್ಧತಿ ಬಂತು. ಯಾವ ಸುದ್ದಿಯಿದ್ದರೂ ಮನೆಮನೆಗೆ ಹೋಗಿ, ಕೂತು, ಹೇಳಿ ಬರಬೇಕು. ಒಂದು ಮನೆ ಬಿಟ್ಟರೂ ಆ ಮನೆಯವರಿಗೆ ಸಿಟ್ಟು.

ಒಂದು ದಿನ ದುಗ್ಗಿ ಎಂಬ ಹೆಂಗಸು ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೊಳೆಯಂಚಿನ ಬಂಡೆಯ ಮೇಲೆ ಕೂತಿದ್ದಳು.

"ಏಳು ದುಗ್ಗಿ," ಎಂದಿತು ಹೊಳೆ. "ಮೇಲೆ ಮಳೆಯಾಗಿದೆ. ನಾನು ನಿಲ್ಲೋ ಹಾಗಿಲ್ಲ ತಾಯಿ."

ನೀರು ಏರುವುದನ್ನು ಹದ್ದು ಕಂಡಿತು. ಕೂಡಲೇ ಹೊರಟಿತು, ಮನೆಮನೆಗೆ.

"ನೀರಾ?" ಎಂದಿತು ಅಳಿಲು. "ಹೋದ ಸಲ ದೊಡ್ಡ ಮೀನು ಹಿಡಿದದ್ದು ಇಲ್ಲೇ ಅಲ್ವಾ? ಕೂತ್ಕೊಳ್ಳಿ, ಹೇಳ್ತೀನಿ."

"ನಾಳೆ ಎಲ್ಲಿರೋದು ಅಂತ ಮೊದಲು ತೀರ್ಮಾನವಾಗಲಿ," ಎಂದಿತು ಗೀಜಗ.

ಗೊರವಂಕ ಮುಖ ತಿರುಗಿಸಿತು. "ಮೊದಲು ಅಳಿಲಿನ ಮನೆಗೆ ಹೋದಿರಂತೆ. ನಾವು ನೆನಪಾಗೋದು ಆಮೇಲೇ ಬಿಡಿ."

ಕೋತಿಯ ಮನೆ ಇನ್ನೂ ದೂರವಿತ್ತು.

ನೀರು ದುಗ್ಗಿಯ ಪಾದಕ್ಕೆ ಬಂತು. "ಏಳು ದುಗ್ಗಿ," ಎಂದಿತು ಹೊಳೆ. ನೀರು ಮೊಣಕಾಲಿಗೆ ಬಂತು. "ಏಳೇ ದುಗ್ಗಿ!" ಮಗು ಅಳತೊಡಗಿತು. ದುಗ್ಗಿ ನೀರನ್ನು ನೋಡುತ್ತಲೇ ಇದ್ದಳು. ಕಾಲು ಅಲ್ಲಾಡಲಿಲ್ಲ.

ಜೀವ ಉಳಿಸಿಕೊಳ್ಳಲು ಅವಳ ಮೈ ಹತ್ತಿದ್ದ ಇರುವೆಯೊಂದು ಕಿವಿಯೊಳಗೆ ನುಗ್ಗಿತು.

"ಏನ್ರೀ ಇದು!" ಎಂದಿತು. "ಹೀಗೆ ಮನೆಮನೆಗೆ ಹೋಗಿದ್ದರೆ ನಮ್ಮ ವಂಶವೇ ಇರ್ತಿರಲಿಲ್ಲ. ನಮ್ಮಲ್ಲಿ ದಾರಿ ಕೂಡೋ ಕಡೆ ಒಬ್ಬಳು ನಿಂತಿರ್ತಾಳೆ. ಅವಳಿಗೆ ಹೇಳಿದರೆ, ಬೇಕಾದವರಿಗೆ ಮಾತ್ರ ಮುಟ್ಟಿಸ್ತಾಳೆ. ಇಲ್ಲಿ ನಾನು ನಿಲ್ತೀನಿ. ಹೇಳು ಹದ್ದಣ್ಣ, ಏನು ಸುದ್ದಿ?"

"ನೀರು!"

ಇರುವೆ ಕೋತಿಯ ಕಡೆ ತಿರುಗಿತು. ಅಷ್ಟರಲ್ಲಿ ಉಳಿದ ಮೂವರೂ ದಾರಿಗೆ ಅಡ್ಡ ಕೂತರು.

"ಅಂದರೆ ನಮಗೆ ಹೇಳೋದೇ ಇಲ್ಲ. ನಾವು ಲೆಕ್ಕಕ್ಕಿಲ್ಲ."

ಮಗುವಿನ ಹಿಮ್ಮಡಿಗೆ ನೀರು ತಾಗಿತು.

"ಕೆಲಸ ನಡೆಯೋವಾಗ ಬಾಯಿ ಮುಚ್ಕೊಂಡಿರಿ," ಎಂದಿತು ಇರುವೆ. "ಕೆಲಸ ಮುಗಿದ ಗಳಿಗೆಯಿಂದ ತಲೆ ಪೂರ್ತಿ ನಿಮ್ಮದೇ. ಯಾರೂ ಅಡ್ಡ ಬರೋಲ್ಲ."

"ಮಾತು ಕೊಟ್ಟೆಯಾ?"

"ಕೊಟ್ಟೆ. ಜರುಗಿ!"

ಜರುಗಿದರು. "ಎಬ್ಬಿಸು!" ಎಂದು ಇರುವೆ ಕೂಗಿತು. ಕೋತಿ ಜಿಗಿಯಿತು, ದುಗ್ಗಿಯೂ ಜಿಗಿದಳು. ಮಗುವನ್ನು ಎದೆಗವಚಿಕೊಂಡು ಅವಳು ದಿಬ್ಬ ಏರುವಷ್ಟರಲ್ಲಿ ಬಂಡೆ ಕಾಣದಾಯಿತು.

"ಇಷ್ಟು ಹೊತ್ತು ಬೇಕಿತ್ತಾ?" ಎಂದು ಗೊಣಗುತ್ತ ಹೊಳೆ ಮುಂದೆ ಹೋಯಿತು. ಇರುವೆ ಹೊರಗೆ ಬರಲಿಲ್ಲ. ಅದಕ್ಕೆ ಅಲ್ಲೇ ಕೆಲಸ ಕಾಯಂ ಆಯಿತು.

ದುಗ್ಗಿ ಮಗುವಿಗೆ ಹಾಲೂಡಿಸಿ ಮಲಗಿಸಿದಳು. ತಾನೂ ಹುಲ್ಲಿನ ಮೇಲೆ ಮೈಚಾಚಿ, ಇನ್ನು ಸ್ವಲ್ಪ ಹೊತ್ತು ಏನೂ ಯೋಚಿಸಬಾರದು ಎಂದುಕೊಂಡಳು.

"ಆ ಮೀನು ಎಷ್ಟು ರುಚಿಯಿತ್ತು!" ಎಂದಿತು ಅಳಿಲು.

"ನಾಳೆ ಮಳೆ ಇಲ್ಲಿಗೂ ಬಂದರೆ?" ಎಂದಿತು ಗೀಜಗ.

"ಕಲ್ಲಿನ ಹಾಗೆ ಕೂತಿದ್ದೆಯಲ್ಲ, ನೋಡಿದವರು ಏನಂದಾರು?" ಎಂದಿತು ಗೊರವಂಕ.

ದುಗ್ಗಿ ಮಗ್ಗುಲು ಬದಲಿಸಿದಳು. ಅವೂ ಮಗ್ಗುಲು ಬದಲಿಸಿ ಮುಂದುವರಿಸಿದವು.

ಇರುವೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅದಕ್ಕೇ, ಕತೆ ಕೇಳುತ್ತಿರುವ ಮಗುವೇ, ನೀನು ಚೆಂಡಿನ ಹಿಂದೆ ಓಡುವಾಗ ತಲೆಯಲ್ಲಿ ಚೆಂಡೊಂದೇ ಇರುತ್ತದೆ. ಕೈಕಟ್ಟಿ ಸುಮ್ಮನೆ ಕೂತೆಯೋ, ನಿನ್ನೆಯ ಜಗಳ, ನಾಳೆಯ ಪರೀಕ್ಷೆ, ಎದುರುಮನೆಯವರ ನಗು ಎಲ್ಲವೂ ಒಟ್ಟಿಗೆ ಬಂದು ಮಾತಿಗೆ ಕೂರುತ್ತವೆ.