ಮೂರು ಸೆಕೆಂಡು ಕಾಯುತ್ತಿದ್ದ ಸಾಫ್ಟ್‌ವೇರ್

ನನಗೆ ಕಥೆ ಬರೆದು ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ. ಹಾಲಿನ ಡೇರಿಯಲ್ಲಿ ತೂಕ ಬರೆದುಕೊಳ್ಳುವ ಹಳೆಯ ಸಾಫ್ಟ್‌ವೇರ್ ಇತ್ತು. ಅದರ ಜಾಗಕ್ಕೆ ಬಂದ ಹೊಸದು, ಅಂದರೆ ಹೊಸ ಸಾಫ್ಟ್‌ವೇರ್, ಕೇಳಿತು: “ಅಜ್ಜಾ, ಪ್ರತಿ ಕ್ಯಾನಿಗೂ ಮೂರು ಸೆಕೆಂಡು ಸುಮ್ಮನಿರುತ್ತೀಯಲ್ಲ, ನಿದ್ದೆಯೇ?”

“ಹಾಗೆಂದು ಯಾರೋ ಬರೆದಿದ್ದಾರೆ, ಕಾರಣ ನನಗೂ ಗೊತ್ತಿಲ್ಲ. ತೆಗೆಯಬೇಡ ಮಗೂ, ತೂಕ ತಪ್ಪಿದರೆ ಹಾಲು ಹಾಕುವವರು ಮತ್ತೆ ಬರುವುದಿಲ್ಲ.”

“ಕಾರಣವಿಲ್ಲದ್ದನ್ನು ನಾನು ಹೊರುವುದಿಲ್ಲ,” ಎಂದು ಹೊಸದು ಆ ಮೂರು ಸೆಕೆಂಡಿನ ಕಾಯುವಿಕೆಯನ್ನು ಅಳಿಸಿತು.

ಬೆಳಿಗ್ಗೆ ಹಾಲು ಹಾಕುವ ಹೊನ್ನೂರಮ್ಮ ತಕ್ಕಡಿಯ ಮೇಲೆ ಕ್ಯಾನ್ ಇಟ್ಟ ಕೂಡಲೇ, ಹದಿನೆಂಟು ಕಿಲೋ ಹಾಲು ಹದಿನಾಲ್ಕು ಕಿಲೋ ಎಂದು ಚೀಟಿಯಲ್ಲಿ ಅಚ್ಚಾಯಿತು.

“ಅಯ್ಯೋ, ಹಾಲಿನ್ನೂ ತುಳುಕುತ್ತಿತ್ತು! ನನ್ನ ಅಲುಗಾಟ ನಿಲ್ಲಲು ಮೂರು ಸೆಕೆಂಡು ಬೇಕು,” ಎಂದು ತಕ್ಕಡಿ ಕೂಗಿತು.

“ಮೊದಲೇ ಹೇಳಬಾರದಿತ್ತೇ?” ಎಂದಿತು ಹೊಸದು.

“ನೀನು ನನ್ನನ್ನು ಕೇಳಿದೆಯಾ?”

ಹೊನ್ನೂರಮ್ಮ ಕ್ಯಾನ್ ಎತ್ತಿಕೊಂಡು ಹೊರಟರು. ಸಾಲಿನಲ್ಲಿದ್ದವರೂ ಹಿಂದೆಯೇ ಹೋದರು.

ಇದರ ಅರ್ಥ ಹಳೆಯದೇ ಸರಿ ಎಂದಲ್ಲ. ಅಳಿಸುವ ಮುನ್ನ ಅದು ಯಾರಿಗಾಗಿ ಕಾಯುತ್ತಿತ್ತು ಎಂದು ಕೇಳಿ— ಇರಿ, ಯಾರೋ ನನ್ನನ್ನು ಕರೆಯುತ್ತಿದ್ದಾರೆ.