ಬಾವಿಯ ಆಮೆಗೊಂದು ಒಗಟು

ಬಾವಿಯ ತಳದಲ್ಲಿ ನೂರು ದಾಟಿದ ಆಮೆಯೊಂದಿತ್ತು. ಒಂದು ಬೆಳಿಗ್ಗೆ, ದಿನಾ ನೀರಿನ ಮೇಲೆ ನೆರಳು ಚೆಲ್ಲುವ ಮರದ ಹೆಸರೇ ಅದಕ್ಕೆ ನೆನಪಾಗಲಿಲ್ಲ. ಹೆದರಿಹೋದ ಆಮೆ, ಹಗ್ಗದಲ್ಲಿ ಇಳಿದುಬಂದ ಕೊಡವನ್ನು ಕರೆದು, "ಮೇಲಿನ ಹೆಂಗಸರ ಒಗಟೊಂದು ಹೇಳಪ್ಪ, ಈ ತಲೆಗೆ ಕೆಲಸ ಬೇಕು" ಎಂದಿತು.

"ಹಗ್ಗವಿಲ್ಲದೆ ನೀರು ಸೇದುವವನು ಯಾರು?" ಎಂದಿತು ಕೊಡ.

ಮೂರು ದಿನ ಆಮೆ ಅದನ್ನೇ ಮೆಲುಕು ಹಾಕುತ್ತ ತೇಲಿತು. ಕೊಡಕ್ಕೆ ಕನಿಕರ ಬಂತು. "ಸೂರ್ಯ, ಅಜ್ಜಾ, ಸೂರ್ಯ! ಈ ವಯಸ್ಸಿನಲ್ಲಿ ಯಾಕಿಷ್ಟು ಒದ್ದಾಟ?"

"ಅಯ್ಯೋ ಪಾಪಿ! ನನ್ನ ಪಾಲಿನ ಯೋಚನೆಯನ್ನೂ ನೀನೇ ಮಾಡಿದರೆ ನನಗೇನು ಉಳಿಯಿತು?"

ನಾಚಿದ ಕೊಡ ಮರುದಿನ ತನಗೂ ಉತ್ತರ ಗೊತ್ತಿಲ್ಲದ ಒಗಟು ತಂದಿತು. ಇಬ್ಬರೂ ಯೋಚಿಸುತ್ತ ನೀರಲ್ಲೇ ಕೂತರು. ಮೇಲೆ ಹಗ್ಗ ಜಗ್ಗುತ್ತಿದ್ದ ಫಕೀರವ್ವನಿಗೆ, ಕೊಡ ಇವತ್ತು ಯಾಕಿಷ್ಟು ಭಾರವೆಂದು ತಿಳಿಯಲೇ ಇಲ್ಲ.